ಕೆಂಪು ಬಾವುಟ ಇಳಿಯುವವರೆಗೆ

ಪ್ರೀತಿಯ ಅತ್ತೆ,

ಅಕ್ಷರಗಳನ್ನು ಇಷ್ಟು ದಪ್ಪಗೆ ಬರೆದಿದ್ದೇಕೆ ಎಂದು ಸಿಟ್ಟಾಗಬೇಡಿ. ಕಾಗದವನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು, ಕೊನೆಗೆ ಕಿಟಕಿಯ ಬಳಿಗೆ ಒಯ್ಯುವ ಕಷ್ಟ ನಿಮಗೆ ಬೇಡ ಎಂದು ಹೀಗೆ ಬರೆದೆ. ಎದುರಿಗೆ ಕೂತು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ಗೆಲ್ಲುವವರು ಯಾವಾಗಲೂ ನೀವೇ. ನಾನು ಬಾಯಿ ತೆರೆಯುವಷ್ಟರಲ್ಲಿ "ಒಲೆ ಮೇಲೆ ಹಾಲಿದೆ, ನೋಡು ಹೋಗೇ" ಎಂದು ಅಟ್ಟಿಬಿಡುತ್ತೀರಿ.

ಬೇರೆ ಅತ್ತೆಯರು ಸೊಸೆಯನ್ನು ಬಟ್ಟೆ ಅಂಗಡಿಗೋ ನೆಂಟರ ಮನೆಗೋ ಕರೆದೊಯ್ಯುತ್ತಾರೆ. ನೀವು ಕರೆದೊಯ್ದದ್ದು ಶೂಟಿಂಗ್ ಕ್ಲಬ್ಬಿಗೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅತ್ತೆ ಕೈಯಲ್ಲಿ ಬಂದೂಕಾ? ಇನ್ಮೇಲೆ ಎದುರುತ್ತರ ಕೊಡ್ಬೇಡ ಕಣೇ" ಎಂದಳು. ವಾರವೆಲ್ಲ ಹೊಲಿಗೆ ಮೆಷಿನ್ ತುಳಿಯುವ ನೀವು ಭಾನುವಾರ ಮಾತ್ರ ಪ್ರಪಂಚ ಮುಳುಗಿದರೂ ಅಂಗಡಿ ತೆರೆಯುವುದಿಲ್ಲ ಎಂದು ಬೀದಿಗೆಲ್ಲ ಗೊತ್ತು. ಏಕೆಂದು ನನಗೆ ಅಲ್ಲಿಗೆ ಬಂದಮೇಲೆ ಗೊತ್ತಾಯಿತು.

ಊರಾಚೆಯ ಆ ಹಳೆಯ ಕಲ್ಲುಗಣಿ ನನಗೆ ಮೊದಲ ನೋಟಕ್ಕೇ ಹಿಡಿಸಿತು. ಎದುರಿಗೆ ಎತ್ತರದ ಮಣ್ಣಿನ ದಿಬ್ಬ, ಅದರ ಬುಡದಲ್ಲಿ ಮರದ ಚೌಕಟ್ಟುಗಳು, ಒಂದೊಂದಕ್ಕೂ ಸಿಕ್ಕಿಸಿದ ಗುರಿಯ ಹಾಳೆ, ಮೇಲೆ ಬಣ್ಣ ಮಾಸಿದ ನಂಬರು. ಈಚೆಗೆ ತಗಡಿನ ಚಾವಣಿ, ಸಾಲು ಮೇಜುಗಳು, ಮೇಜುಗಳ ಹಿಂದೆ ನೆಲದ ಮೇಲೆ ಬಿಳಿ ಗೆರೆ. ಕಲ್ಲು ಎಡವದಂತೆ ನನ್ನ ಕೈ ಹಿಡಿದು ನಡೆಸಿಕೊಂಡು ಹೋಗಿ, "ನನ್ನ ಸೊಸೆ" ಎಂದು ಎಲ್ಲರಿಗೂ ತೋರಿಸಿದಿರಿ. ಹೊಸ ಮೆಷಿನ್ ಕೊಂಡಾಗ ಕೂಡ ನೀವು ಅಷ್ಟು ಬೀಗಿರಲಿಲ್ಲ.

ಆ ದಿನ ನನ್ನ ಕೈಗೆ ಬಂದೂಕು ಕೊಡಲೇ ಇಲ್ಲ. "ಗುರಿ ಆಮೇಲೆ. ಮೊದ್ಲು ಬಾವುಟ ನೋಡೋದು ಕಲಿ" ಎಂದಿರಿ. ಅಲ್ಲಿ ಎಲ್ಲರ ಕಿವಿಯೂ ಮುಚ್ಚಿರುತ್ತದೆ, ಕೂಗಿದರೆ ಕೇಳುವುದಿಲ್ಲ, ಆದ್ದರಿಂದ ಕೆಂಪು ಬಾವುಟವೇ ಮಾತು. ಉಸ್ತುವಾರಿ ನೋಡುವ ಬಾವುಟದಣ್ಣ ಅದನ್ನು ಏರಿಸಿದ ಕೂಡಲೇ ಗುಂಡು ತೆಗೆದು, ಬಂದೂಕನ್ನು ಮೇಜಿನ ಮೇಲಿಟ್ಟು, ಬಿಳಿ ಗೆರೆಯ ಹಿಂದಕ್ಕೆ ಬರಬೇಕು. ಆಮೇಲಷ್ಟೇ ಹಾಳೆ ನೋಡಲು ಮುಂದೆ ಹೋಗುವುದು. ಹೋದವರಲ್ಲಿ ಕೊನೆಯವರು ಮರಳಿ ಬರುವವರೆಗೆ ಬಾವುಟ ಇಳಿಯುವಂತಿಲ್ಲ, ಬಂದೂಕನ್ನು ಯಾರೂ ಮುಟ್ಟುವಂತಿಲ್ಲ. "ಅಲ್ಲಿ ಹೋಗಿರೋರು ನಮ್ಮನ್ನ ನಂಬಿ ಬೆನ್ನು ತೋರಿಸಿರ್ತಾರೆ ಕಣೇ" ಎಂದಿದ್ದಿರಿ. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ.

ಈಗ ಕಳೆದ ಭಾನುವಾರದ ವಿಷಯ. ನಾನು ಮೊದಲ ಸಲ ಗುಂಡು ಹಾರಿಸಿದೆ, ಪಕ್ಕದ ಮೇಜಿನಲ್ಲಿ ನೀವು. ಹಾಳೆ ತಂದು ನೋಡಿದರೆ ನನ್ನದರ ನಟ್ಟನಡುವೆ ಒಂದಕ್ಕೊಂದು ಅಂಟಿಕೊಂಡ ತೂತುಗಳ ಗುಂಪು! ನಿಮ್ಮ ಹಾಳೆಯಲ್ಲಿ ಒಂದು ಗೀರೂ ಇಲ್ಲ. ಎಲ್ಲರೂ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನೀವು. "ನನ್ನ ಬಂದೂಕು ಕೆಟ್ಟಿದೆ, ಎಲ್ಲಾ ದಿಬ್ಬಕ್ಕೆ ಹೋಯ್ತು" ಎಂದು ನಕ್ಕಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಣಿಯಲು ಬರುವ ನೀವು ಏಕೆ ಹಾಗಂದಿರಿ? ಸಂಜೆಯೊಳಗೆ ನೆಂಟರಿಗೆಲ್ಲ ಫೋನು ಹೋಯಿತು. ಮುಂದಿನ ತಿಂಗಳ ಪಂದ್ಯಕ್ಕೆ ನಿಮ್ಮ ಬದಲು ನನ್ನ ಹೆಸರನ್ನು ನೀವೇ ಕೊಟ್ಟದ್ದೂ ಆಯಿತು. ನಿಮ್ಮ ಮಗನಂತೂ ಅಂದಿನಿಂದ ನಾನು ಹೇಳುವ ಮೊದಲೇ ಪಾತ್ರೆ ತೊಳೆಯುತ್ತಿದ್ದಾರೆ. ಈ ಲಾಭವನ್ನು ಬಿಡಲು ಮನಸ್ಸಿಲ್ಲದೆಯೇ ನಾನು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅತ್ತೆ, ಟ್ರಿಗರ್ ಒತ್ತುವಾಗ ಪ್ರತಿ ಸಲವೂ ನಾನು ಎರಡೂ ಕಣ್ಣು ಮುಚ್ಚಿಕೊಂಡಿದ್ದೆ. ಹಾಳೆಯ ಮೂಲೆಯಲ್ಲಿದ್ದ ಆ ಒಂದು ಹರುಕು ತೂತು ನನ್ನದು. ಚೌಕಟ್ಟಿನ ಮರ ಚಕ್ಕೆ ಎದ್ದದ್ದೂ ನನ್ನಿಂದಲೇ. ನಡುವೆ ಇದ್ದವೆಲ್ಲ ನಿಮ್ಮವು. ನಿಮಗೆ ಹಾಳೆಯ ನಡುವಿನ ಕಪ್ಪು ಚುಕ್ಕೆ ಕಂಡಿದೆ, ಮೇಲಿನ ನಂಬರು ಕಂಡಿಲ್ಲ, ಪಕ್ಕದ ಹಾಳೆಗೆ ಹೊಡೆದಿದ್ದೀರಿ. ಅದು ನಿಮಗೂ ಹಾಳೆ ನೋಡಿದ ಕ್ಷಣವೇ ಗೊತ್ತಾಗಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದು "ನಿನ್ನ ಬೆರಳು ಸಣ್ಣ" ಎನ್ನುವುದು, ಕಪ್ಪು ಬಟ್ಟೆಯ ಹೊಲಿಗೆ ಬಂದರೆ ನಾಳೆ ಬನ್ನಿ ಎಂದು ಗಿರಾಕಿಗಳನ್ನು ಸಾಗಹಾಕುವುದು, ಇದೆಲ್ಲ ನಾನು ನೋಡುತ್ತಲೇ ಇದ್ದೆ.

ಬರೀ ಹಾಳೆ ತಪ್ಪಿದ್ದಕ್ಕೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಹಾಳೆ ತರಲು ಹೋಗುವ ಮೊದಲು ಬಾವುಟ ಏರಿತಲ್ಲ, ಆಗ ಎಲ್ಲರೂ ಗೆರೆಯ ಹಿಂದೆ ಬಂದಿದ್ದೆವು. ನೀವೊಬ್ಬರು ಇನ್ನೂ ಬಂದೂಕಿಗೆ ಕೆನ್ನೆ ಒತ್ತಿ ಕೂತಿದ್ದಿರಿ. ಬಾವುಟದಣ್ಣ ಕೈ ಅಡ್ಡ ಹಿಡಿದು ಯಾರನ್ನೂ ಮುಂದೆ ಬಿಡಲಿಲ್ಲ. ನಾನು ಬಂದು ಭುಜ ಮುಟ್ಟಿದೆ. "ಓ, ಗಮನ ಇರ್ಲಿಲ್ಲ" ಎಂದಿರಿ. ನನಗೆ ಬಾವುಟ ನೋಡಲು ಕಲಿಸಿದವರಿಗೇ ಬಾವುಟ ಕಾಣಲಿಲ್ಲ.

ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ ಎಂದದ್ದೂ, ಆಪರೇಷನ್ ಆದರೆ ಸರಿಹೋಗುತ್ತದೆ ಎಂದದ್ದೂ ನನಗೆ ಗೊತ್ತು. ಅವರು ಕೊಟ್ಟ ಚೀಟಿಯನ್ನು ಇನ್ನು ಎಲ್ಲೂ ಬಚ್ಚಿಡಬೇಕಿಲ್ಲ, ನೀವು ನಿದ್ದೆಯಲ್ಲಿ ಮಾತಾಡುತ್ತೀರಿ. ಹುಟ್ಟಿದಾಗಿನಿಂದ ಕತ್ತರಿ ಹಿಡಿದು ಬಾಳಿದವರಿಗೆ ಡಾಕ್ಟರ ಕತ್ತರಿ ಕಂಡರೆ ಭಯವೇ? ಅದಲ್ಲ ನಿಮ್ಮ ಭಯ ಎಂಬುದೂ ಗೊತ್ತು. "ಇನ್ನೊಬ್ರು ಕೈ ಹಿಡ್ದು ನಡೆಸೋ ಸ್ಥಿತಿ ಬಂದ್ರೆ ನಾನಿರಲ್ಲ" ಎಂದು ಒಮ್ಮೆ ಅಂದಿದ್ದಿರಿ. ಆ ಕಲ್ಲುದಾರಿಯಲ್ಲಿ ನೀವು ನನ್ನ ಕೈ ಹಿಡಿದು ನಡೆಸಿದಿರಿ, ನನಗೇನಾಯಿತು? ಸುಖವಾಗಿತ್ತು ಅತ್ತೆ. ಈ ಮನೆಗೆ ಬಂದಮೇಲೆ ನಾನು ಅಷ್ಟು ನಿಶ್ಚಿಂತೆಯಿಂದ ನಡೆದದ್ದು ಅದೇ ಮೊದಲು.

ಪಂದ್ಯದಿಂದ ನನ್ನ ಹೆಸರು ತೆಗೆಸಿದ್ದೇನೆ. ಕಾರಣ ಕೇಳಿದ ಬಾವುಟದಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಅವರು ತಲೆ ಕೆರೆದುಕೊಂಡು, "ಅಮ್ಮನ ಮೇಜು ಅಮ್ಮನಿಗೇ ಇರ್ಲಿ. ಕಣ್ಣು ಮಾಡಿಸ್ಕೊಂಡು ಬರ್ಲಿ, ಈ ವರ್ಷ ಆಗ್ದಿದ್ರೆ ಬರೋ ವರ್ಷ" ಎಂದರು. ಗುರುವಾರವೇ ಆಪರೇಷನ್ ಎಂದು ಡಾಕ್ಟರ ಹತ್ತಿರ ಹೇಳಿಟ್ಟಿದ್ದೇನೆ. ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಬೆಳಿಗ್ಗೆ ಎದ್ದು ನಿಮ್ಮ ಬಂದೂಕಿನ ಬೀರುವನ್ನು ಕೈಯಿಂದ ಮುಟ್ಟಿ ನೋಡಿ. ಹಿಡಿಕೆಗೆ ನಿಮ್ಮ ಅಂಗಡಿಯ ಕೆಂಪು ಬಟ್ಟೆಯ ತುಂಡೊಂದನ್ನು ಕಟ್ಟಿದ್ದೇನೆ. ಗುರುವಾರ ನೀವು ಆಪರೇಷನ್ ಕೋಣೆಯ ಬಾಗಿಲೊಳಗೆ ಒಬ್ಬರೇ ಹೋಗಬೇಕಾಗುತ್ತದೆ, ನನ್ನನ್ನು ಒಳಗೆ ಬಿಡುವುದಿಲ್ಲ. ನಮ್ಮನ್ನು ನಂಬಿ ಬೆನ್ನು ತೋರಿಸಿ ಹೋಗಿ. ನಾನು ಗೆರೆಯ ಹಿಂದೆಯೇ ನಿಂತಿರುತ್ತೇನೆ. ನೀವು ಮರಳಿ ಬಂದು, ಆ ಕೆಂಪನ್ನು ನಿಮ್ಮ ಕಣ್ಣಿಂದಲೇ ಕಾಣುವವರೆಗೆ, ಈ ಮನೆಯಲ್ಲಿ ಆ ಬಾವುಟ ಇಳಿಯುವುದಿಲ್ಲ.

ಚಿಕ್ಕವಳು ಹರಸಬಾರದು ಅಂತಾರೆ. ಆದರೂ, ನಿಮ್ಮ ಕಣ್ಣು ತಣ್ಣಗಿರಲಿ ಅತ್ತೆ.

ಕಣ್ಣು ಮುಚ್ಚಿ ಗುಂಡು ಹಾರಿಸಿದ,
ನಿಮ್ಮ ಸೊಸೆ