ನಿನ್ನ ಭಾವನ ಕೈ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

‘ಪ್ರೀತಿಯ’ ಎಂದು ಬರೆದದ್ದು ಬರೀ ಅಭ್ಯಾಸಬಲ. ಹೊಡೆದುಹಾಕೋಣ ಎಂದುಕೊಂಡೆ, ಕಾಗದ ಗಲೀಜಾಗುತ್ತದೆಂದು ಬಿಟ್ಟೆ. ಅದರಲ್ಲಿ ಬೇರೆ ಅರ್ಥ ಹುಡುಕಬೇಡ.

ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಸಮಾಧಾನ ಮಾಡಬೇಕು. ನೀನು ಹುಟ್ಟಿದಂದಿನಿಂದ ನಮ್ಮಿಬ್ಬರಲ್ಲಿ ನಡೆದುಬಂದದ್ದೇ ಅದು. ಈ ಸಲ ಆಗುವುದಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತು ಊರವರ ಬೈಗುಳ ಕೇಳುವುದೇ ನನ್ನ ಹೊಟ್ಟೆಪಾಡು ಎಂದು ನಿನಗೆ ಗೊತ್ತು. ಕೇಳಿ ಕೇಳಿ ಬೈಯುವ ಕ್ರಮವೂ ನನಗೆ ಬಂದಿದೆ. ಮೊದಲಿನಿಂದ ಶುರು ಮಾಡಬೇಕು, ಯಾವುದನ್ನೂ ಬಿಡಬಾರದು.

ನಿನ್ನ ಭಾವನ ಕೈ ನಡುಗಲು ಶುರುವಾದಾಗ ಮೊದಲು ಗೊತ್ತಾದದ್ದು ಸದ್ದಿನಿಂದ. ಅಂಗಡಿಯಲ್ಲಿ ಬಾಚಣಿಗೆಯನ್ನು ಗಾಜಿನ ಲೋಟಕ್ಕೆ ಹಾಕುವಾಗ ಟಿಣಿಟಿಣಿ ಎನ್ನುತ್ತಿತ್ತು. ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರು ಹೇಳಿದರು, ಮಾತ್ರೆ ಕೊಟ್ಟರು. ಹೆಸರು ಸಿಕ್ಕಿದ್ದಷ್ಟೇ ಲಾಭ. ಕ್ಷೌರಿಕನ ಕೈ ನಡುಗಿದರೆ ಗಿರಾಕಿಗಳು ಏನು ಮಾಡುತ್ತಾರೆ? ಯಾರೂ ಮುಖಕ್ಕೆ ಹೊಡೆದ ಹಾಗೆ ಹೇಳಲಿಲ್ಲ. “ನನಗೇನೂ ಅವಸರ ಇಲ್ಲ, ಅವರು ಬಿಡುವಾಗಲಿ” ಎಂದು ಅಂಗಡಿಯ ಪಾಲುದಾರನ ಕುರ್ಚಿಯ ಕಡೆ ಕೈ ತೋರಿಸಿ ಪೇಪರ್ ಓದುತ್ತ ಕೂರುತ್ತಿದ್ದರು. ಇವರು ಕತ್ತಿ ಬಿಟ್ಟರು, ಆಮೇಲೆ ಕತ್ತರಿ ಬಿಟ್ಟರು, ಕೊನೆಗೆ ತಮ್ಮದೇ ಅಂಗಡಿಯಲ್ಲಿ ಕೂದಲು ಗುಡಿಸುವವರಾದರು. ಮನೆಯಲ್ಲಿ ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ. ಆಗೆಲ್ಲ ಗೋಡೆ ನೋಡುತ್ತಿದ್ದರು.

ಅಂಥ ಹೊತ್ತಿನಲ್ಲಿ ನೀನು ಬಂದೆ. ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿ ನೀನು ಕೆಲಸ ಮಾಡುವ ಆಸ್ಪತ್ರೆಯ ಸಂಶೋಧನೆಯ ವಿಷಯ ಹೇಳಿದೆ. ನೀನು ಹೇಳದೆ ಮುಚ್ಚಿಟ್ಟೆ ಎಂದು ನಾನು ಎಲ್ಲಿಯೂ ಹೇಳುವುದಿಲ್ಲ. ನೀನು ಹೇಳಿದೆ. “ಭಾವ, ಅರ್ಧ ಜನಕ್ಕೆ ಮೆದುಳಿಗೆ ಹೊಸ ಜೀವಕೋಶ ಹಾಕ್ತಾರೆ. ಇನ್ನರ್ಧ ಜನಕ್ಕೆ ಬುರುಡೆ ಸ್ವಲ್ಪ ಕೊರೆದು ಏನೂ ಹಾಕದೆ ಮುಚ್ತಾರೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ.”

ಇವರು ಕೇಳಿದರು. “ಏನೂ ಹಾಕದೆ ಇರೋದಾದ್ರೆ ಯಾಕಮ್ಮ ಕೊರೀತಾರೆ?”

“ಇಲ್ದಿದ್ರೆ ಗುಣ ಆದದ್ದು ಜೀವಕೋಶದಿಂದಲೋ ಬರೀ ನಂಬಿಕೆಯಿಂದಲೋ ಅಂತ ತಿಳಿಯೋದಿಲ್ಲ ಭಾವ.”

ಇವರಿಗೆ ಅದು ಅರ್ಥವಾಯಿತು. ನಿನ್ನ ಭಾವ ದಡ್ಡರಲ್ಲ. ಆದರೆ ಆಮೇಲೆ ನೀನು ಏನು ಮಾಡಿದೆ? ಅವರ ನಡುಗುವ ಕೈಯ ಮೇಲೆ ನಿನ್ನ ಕೈ ಇಟ್ಟು, “ನಿಮಗೆ ಬಂದೇ ಬರುತ್ತೆ ಬಿಡಿ, ನನ್ನ ಮನಸ್ಸು ಹೇಳ್ತಿದೆ” ಎಂದೆ. ನೀನು ತಂದಿದ್ದ ಆ ರಾಶಿ ಕಾಗದದಲ್ಲಿ ಆ ಮಾತು ಎಲ್ಲಿತ್ತು? ಅವರು ಸಹಿ ಹಾಕಿದ್ದು ಆ ಮಾತಿಗೆ, ಕಾಗದಕ್ಕಲ್ಲ. ನಿಮ್ಮ ದೊಡ್ಡವರು ಕೂತು ಇಡೀ ಒಂದು ಪುಟದಲ್ಲಿ ಬರೆದಿದ್ದ ಎಚ್ಚರಿಕೆಯನ್ನೆಲ್ಲ ನೀನು ಒಂದು ಉಸಿರಿನಲ್ಲಿ ಅಳಿಸಿಹಾಕಿದೆ.

ಆಪರೇಶನ್ನಿನ ಹಿಂದಿನ ದಿನ ಪಾಲುದಾರನೇ ಇವರ ತಲೆ ಬೋಳಿಸಿದ. “ಇಷ್ಟು ವರ್ಷ ಊರಿನ ತಲೆ ಬೋಳಿಸಿದ್ದೆ, ಈಗ ನನ್ನ ಸರದಿ” ಎಂದು ಇವರು ಅಂದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ಮಾತಿನ ಇನ್ನೊಂದು ಅರ್ಥ ಆಗ ಹೊಳೆಯಲಿಲ್ಲ.

ಆಪರೇಶನ್ನಿನಲ್ಲಿ ಇವರಿಗೆ ಪೂರ್ತಿ ಅರಿವಳಿಕೆ ಕೊಟ್ಟಿರಲಿಲ್ಲ. ಕೊರೆಯುವ ಸದ್ದು ಹಲ್ಲಿನವರೆಗೂ ಬಂತಂತೆ. ನಡುವೆ ಸರ್ಜನ್, “ಈಗ ಕೊಡಿ... ಹಾಂ, ನಿಧಾನ... ಸರಿಯಾಗಿ ಕೂತಿತು” ಎಂದರಂತೆ. ಆ ಮಾತನ್ನು ಇವರು ನನಗೆ ಅದೆಷ್ಟು ಸಲ ಹೇಳಿದ್ದಾರೋ. ಸರಿಯಾಗಿ ಕೂತಿತು, ಸರಿಯಾಗಿ ಕೂತಿತು. ಏನು ಕೂತಿತು? ಯಾರ ಕೈಯಿಂದ ಯಾರ ಕೈಗೆ ಏನು ಕೊಟ್ಟರು? ಖಾಲಿ ಸಿರಿಂಜು ದಾಟಿಸುತ್ತ ಆ ಸಂಭಾಷಣೆ ಆಡಿದವರು ಅದನ್ನು ಮೊದಲು ಅಭ್ಯಾಸ ಮಾಡಿದ್ದರೋ ಏನೋ. ನಾಟಕದವರು ಕುರ್ಚಿಯಲ್ಲಿ ಕೂತವರಿಗೆ ನಾಟಕ ತೋರಿಸುತ್ತಾರೆ. ನೀವು ತಲೆ ತೂತಾಗಿ ಮಲಗಿದವರಿಗೆ ತೋರಿಸಿದಿರಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಆದರೆ ಕೈಯ ನಡುಕ ನಿಂತಿತು. ಅದನ್ನು ನೀನೂ ನೋಡಿದೆ. ಮೊದಲು ಗುಂಡಿ ಹಾಕಿಕೊಂಡರು. ಆಮೇಲೆ ಬಲೂನು ತಂದರು. ಕಸಬು ಕಲಿಯುವ ಹುಡುಗರಂತೆ ಬಲೂನಿಗೆ ಸೋಪಿನ ನೊರೆ ಹಚ್ಚಿ ಕತ್ತಿಯಿಂದ ಬೋಳಿಸುವುದು. ಮೊದಮೊದಲು ಢಮ್ ಎಂದು ಒಡೆದು ಬಚ್ಚಲುಮನೆಯ ಚಾವಣಿಗೆಲ್ಲ ನೊರೆ, ಇವರ ಮೀಸೆಗೂ ನೊರೆ. ನಾನು ಬೈದುಕೊಂಡೇ ಒರೆಸುತ್ತಿದ್ದೆ. ಒಂದು ದಿನ ಬಲೂನು ಒಡೆಯದೆ, ನುಣ್ಣಗೆ ಹೊಳೆಯುತ್ತ ಹೊರಗೆ ಬಂತು. ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ನಿಂತರು. ಆ ಮುಖವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಅಂಗಡಿಯಲ್ಲಿ ಮೊದಲು ಕುತ್ತಿಗೆ ಕೊಟ್ಟವರು ನಿವೃತ್ತ ಮೇಷ್ಟ್ರು. “ಈ ಕುತ್ತಿಗೆಗೆ ಬೇಕಾದಷ್ಟು ವಯಸ್ಸಾಗಿದೆ, ಹೋದ್ರೂ ಊರಿಗೆ ನಷ್ಟ ಇಲ್ಲ. ಬನ್ನಿ” ಎಂದು ತಾವೇ ಇವರ ಕುರ್ಚಿಯಲ್ಲಿ ಕೂತರಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದರು ಎಂದು ಬೀದಿಗೆಲ್ಲ ಹೇಳಿದವರೂ ಅವರೇ. ಒಂದು ವರ್ಷಕ್ಕೂ ಮಿಕ್ಕಿ ನಮ್ಮ ಮನೆಯಲ್ಲಿ ಕಾಯಿಲೆಯ ಮಾತೇ ಇರಲಿಲ್ಲ.

ಆಮೇಲೆ ನಿನ್ನ ಫೋನ್ ಬಂತು. “ಭಾವ, ಪ್ರಯೋಗ ಮುಗೀತು, ಬುಧವಾರ ಬನ್ನಿ, ಯಾರು ಯಾವ ಗುಂಪು ಅಂತ ಹೇಳ್ತಾರೆ.” ಇವರು ಇಸ್ತ್ರಿ ಅಂಗಿ ಹಾಕಿಕೊಂಡರು. ನರ್ಸುಗಳಿಗೆಂದು ಬಿಸ್ಕತ್ತಿನ ಡಬ್ಬ ಕೊಂಡರು. ಸನ್ಮಾನಕ್ಕೆ ಹೊರಟವರ ಹಾಗೆ ಹೊರಟರು.

ಆ ಕೋಣೆಯಲ್ಲಿ ನೀನಿದ್ದೆ, ಆದ್ದರಿಂದ ಅಲ್ಲಿ ನಡೆದದ್ದನ್ನು ನಾನು ನಿನಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನಮ್ಮ ಮನೆಗೆ ಅದು ಹೇಗೆ ಬಂತೆಂದು ನಿನಗೆ ತಿಳಿಯಲಿ. ಒಬ್ಬ ಎಳೆಯ ಡಾಕ್ಟರು ನಗುನಗುತ್ತ, “ನಿಮ್ಮದು ಎರಡನೇ ಗುಂಪು, ನಿಮಗೆ ಏನೂ ಹಾಕಿರಲಿಲ್ಲ” ಎಂದರಂತೆ. ಇವರು ತಮಾಷೆ ಎಂದುಕೊಂಡು ನಕ್ಕರಂತೆ. ಆಮೇಲೆ ಕೈ ಮುಂದೆ ಚಾಚಿ, “ಹಾಗಾದ್ರೆ ಇದೇನು?” ಎಂದು ಕೇಳಿದರಂತೆ. “ಅದೇ ನೋಡಿ ಸ್ವಾರಸ್ಯ, ನಿಮ್ಮಂಥ ಕೇಸು ನಮಗೆ ಬಹಳ ಅಪರೂಪ” ಎಂದರಂತೆ ಅವರು. ನೀನು ಕಿಟಕಿಯ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದೆಯಂತೆ.

ಮನೆಗೆ ಬಂದವರು ಇಸ್ತ್ರಿ ಅಂಗಿಯಲ್ಲೇ ಕೂತರು. ನಾನು ಟೀ ಕೊಟ್ಟೆ. ಅವರ ಕೈಯಲ್ಲಿ ಕಪ್ ಬಸಿಯ ಮೇಲೆ ಸದ್ದು ಮಾಡಿತು. ನಡೆದು ಸುಸ್ತಾಗಿರಬೇಕು ಎಂದುಕೊಂಡೆ. ಆಮೇಲೆ ಅಂದರು, “ನನ್ನ ತಲೇಲಿ ಏನೂ ಇಲ್ವಂತೆ ಕಣೇ.” ಬೇರೆ ದಿನವಾಗಿದ್ದರೆ ಇದನ್ನು ನಾನು ಎಂದೋ ಹೇಳಿದ್ದೆನಲ್ಲ ಎಂದು ಕಾಲೆಳೆಯುತ್ತಿದ್ದೆ. ಅಂದು ಅವರ ಕೈಯಿಂದ ಕಪ್ ತೆಗೆದು ಕೆಳಗಿಟ್ಟೆ.

ಆ ವಾರದಲ್ಲೇ ಮೇಷ್ಟ್ರ ಕಿವಿಯ ಕೆಳಗೆ ಕತ್ತಿ ತಗುಲಿತು. ಹೆಚ್ಚೇನೂ ಅಲ್ಲ, ಒಂದು ಗೆರೆ ರಕ್ತ. ಮೇಷ್ಟ್ರು ಕರವಸ್ತ್ರ ಒತ್ತಿಕೊಂಡು, ಏನೂ ಆಗಿಲ್ಲ, ಮುಗಿಸಿ ಎಂದರು. ಇವರು ಕತ್ತಿ ತೊಳೆದು, ಒರೆಸಿ, ಮಡಚಿ ಕನ್ನಡಿಯ ಮುಂದೆ ಇಟ್ಟು ಮನೆಗೆ ಬಂದರು. ಮತ್ತೆ ಅದನ್ನು ಮುಟ್ಟಿಲ್ಲ, ಅಂಗಡಿಗೆ ಹೋಗಿ ಬರೀ ಗುಡಿಸುತ್ತಾರೆ.

ಇದಿಷ್ಟೇ ಆಗಿದ್ದರೆ ಹಾಳಾಗಲಿ, ಕೈ ಹೋಗಿತ್ತು, ಬಂದಿತ್ತು, ಮತ್ತೆ ಹೋಯಿತು ಎಂದು ಸುಮ್ಮನಿರುತ್ತಿದ್ದೆ. ಆದರೆ ಪಾಲುದಾರ ಒಂದು ಮಾತು ಕೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಪಾಪ, ಲೆಕ್ಕ ಹಾಕಿದವನ ಹಾಗೆ. “ಏನೂ ಹಾಕದೆ ನಡುಕ ನಿಂತಿತು ಅಂದ್ರೆ, ಮೊದಲು ಬಂದಿದ್ದ ನಡುಕವೂ ಮನಸ್ಸಿನದ್ದೇ ಆಗಿತ್ತಾ?” ಈಗ ಬೀದಿಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ಕೆಲಸ ಮಾಡಲು ಮನಸ್ಸಿಲ್ಲದೆ ಗುಡಿಸುವ ನೆಪ ಮಾಡಿಕೊಂಡಿದ್ದ ಎನ್ನುವವರೂ ಇದ್ದಾರೆ. ಹೋಗಲಿ, ಬೀದಿಯ ಬಾಯಿಗೆ ಬೀಗ ಹಾಕಲಾಗದು. ಆದರೆ ಇವರೇ ನನ್ನನ್ನು ಕೇಳುತ್ತಾರೆ, ದಿನಾ ಕೇಳುತ್ತಾರೆ. “ನಾನು ನಾಟಕ ಮಾಡ್ತಿದ್ನಾ? ನೀನು ಹತ್ತಿರದಿಂದ ನೋಡಿದೀಯ. ನಿಜ ಹೇಳು.”

ತಂಗಿ, ಕಾಯಿಲೆ ಅವರ ಕೈಯನ್ನು ತೆಗೆದುಕೊಂಡಿತ್ತು. ನೀವು ಕಾಯಿಲೆಯನ್ನೂ ಅವರಿಂದ ಕಿತ್ತುಕೊಂಡಿರಿ. ಈಗ ನಡುಗುವುದಕ್ಕೂ ನಾಚುತ್ತಾರೆ. ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಕೂರುತ್ತಾರೆ.

ಇದರ ಮೇಲೆ ನಿಮ್ಮ ಆಫೀಸಿನಿಂದ ಕರೆ ಬಂತು. ಇವರು ಮತ್ತೆ ನಡುಗುತ್ತಿರುವ ವಿಷಯ ತಿಳಿಯಿತಂತೆ, ಬಲೂನು ಬೋಳಿಸಿ ತೋರಿಸಿದರೆ ವಿಡಿಯೊ ಮಾಡಿಕೊಳ್ಳುತ್ತಾರಂತೆ, ಸಮ್ಮೇಳನದಲ್ಲಿ ತೋರಿಸುವುದಕ್ಕೆ. ಬಲೂನಿನ ಕಥೆ ಅವರಿಗೆ ಹೇಳಿದವರು ಯಾರು? ಅದು ನಮ್ಮ ಮನೆಯ ಬಚ್ಚಲಿನ ಕಥೆ. ನಿನಗೆ ಮಾತ್ರ ಹೇಳಿದ್ದೆ, ನಗುತ್ತ. ಇನ್ನೂ ಹೊಟ್ಟೆ ಉರಿಯುವ ಸಂಗತಿಯೆಂದರೆ ಇವರು ಹೋಗುತ್ತೇನೆ ಎಂದರು. ತಾನು ಸುಳ್ಳನಲ್ಲವೆಂದು ಕ್ಯಾಮೆರಾದ ಮುಂದೆ ಸಾಬೀತು ಮಾಡಬೇಕಂತೆ.

ಅದಕ್ಕೇ ಗುರುವಾರ ರಜೆ ಹಾಕಿ ನಾನೇ ನಿಮ್ಮ ಮುಖ್ಯಸ್ಥರ ಹತ್ತಿರ ಹೋದೆ. ನೀನು ಅಂದು ಇರಲಿಲ್ಲ, ಒಳ್ಳೆಯದೇ ಆಯಿತು. ಮರ್ಯಾದೆಯಿಂದ ಕೂರಿಸಿದರು. ನಿಮ್ಮ ಯಜಮಾನರು ವಿಜ್ಞಾನಕ್ಕೆ ದೊಡ್ಡ ಸೇವೆ ಮಾಡಿದ್ದಾರೆ ಎಂದರು.

“ಅದನ್ನು ಅವರಿಗೆ ಯಾಕೆ ಹೇಳಿದ್ರಿ? ಚೆನ್ನಾಗಿದ್ರಲ್ಲ?” ಎಂದೆ.

“ಸತ್ಯ ಹೇಳೋದು ನಮ್ಮ ಕರ್ತವ್ಯ ಅಮ್ಮ.”

“ಸರಿಯಾಗಿ ಕೂತಿತು ಅಂದಾಗ ಆ ಕರ್ತವ್ಯ ಎಲ್ಲಿಗೆ ಹೋಗಿತ್ತು ಸಾರ್?”

ಅವರು ಕೋಪ ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ಪ್ರಯೋಗ ಹೀಗೆ ಮಾಡದೆ ಇದ್ದಿದ್ರೆ, ಕೆಲಸಕ್ಕೆ ಬಾರದ ಈ ಆಪರೇಶನ್ನನ್ನ ನಾವು ಸಾವಿರಾರು ಜನರ ತಲೆಗೆ ಮಾಡ್ತಿದ್ವಿ. ಅವರೆಲ್ಲ ಉಳಿದ್ರು” ಎಂದರು.

ಆ ಮಾತು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಆ ಸಾವಿರಾರು ಜನರಲ್ಲಿ ಒಬ್ಬರಾದರೂ ಬಂದು ನಮ್ಮ ಮನೆಯಲ್ಲಿ ಕೂತು ಇವರ ಪ್ರಶ್ನೆಗೆ ಉತ್ತರ ಹೇಳುತ್ತಾರೆಯೇ? ಈಗ ಇವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಯೋಜನೆ ಮುಗಿದಿದೆಯಲ್ಲ ಅಮ್ಮ ಎಂದರು. ವಿಡಿಯೊಕ್ಕೆ ಮಾತ್ರ ಮುಗಿದಿಲ್ಲ.

ಎದ್ದು ಬರುವಾಗ ಇನ್ನೊಂದು ಮಾತು ಹೇಳಿದರು. ತಿಳಿಯಬೇಕೋ ಬೇಡವೋ ಎಂದು ಎಲ್ಲರನ್ನೂ ಮೊದಲೇ ಕೇಳಿದ್ದರಂತೆ. ಬೇಡವೆಂದವರಿಗೆ ಹೇಳಿಲ್ಲವಂತೆ. ಇವರನ್ನು ಕೇಳಿದವಳು ನೀನೇ ಅಂತೆ.

ಮನೆಗೆ ಬಂದು ಇವರನ್ನು ವಿಚಾರಿಸಿದೆ. ಹೌದು ಎಂದರು. “ನಿನಗೇನನ್ಸುತ್ತಮ್ಮ?” ಎಂದು ನಿನ್ನನ್ನೇ ಕೇಳಿದರಂತೆ. ನೀನು, “ತಿಳ್ಕೊಳ್ಳಿ ಭಾವ, ಖುಷಿಪಡೋ ವಿಷಯ ಯಾಕೆ ಬಿಡ್ತೀರ” ಎಂದೆಯಂತೆ.

ನೀನೂ ನಂಬಿಬಿಟ್ಟಿದ್ದೆ. ನೆಟ್ಟಗೆ ನಿಂತ ಆ ಕೈಯನ್ನು ನೋಡಿ ಇದು ನಮ್ಮ ಜೀವಕೋಶದ್ದೇ ಎಂದುಕೊಂಡೆ. ನಿನ್ನ ಗೆಲುವನ್ನು ಆ ಎಳೆಯ ಡಾಕ್ಟರ ಬಾಯಿಂದ ಕೇಳಬೇಕೆಂದಿದ್ದೆ. ನಂಬಿಕೆ ಏನು ಮಾಡುತ್ತದೆಂದು ಅಳೆಯಲು ಹೊರಟವಳು ನಿನ್ನ ನಂಬಿಕೆಗೆ ಮಾತ್ರ ಅಳತೆಪಟ್ಟಿ ಹಿಡಿಯಲಿಲ್ಲ. ಸರ್ಜನ್ ಮೇಲಿನ ನನ್ನ ಸಿಟ್ಟು ಒಂದು ದಿನ ಇಳಿಯಬಹುದು. ಅವರು ಯಾರೋ. ನೀನು ಯಾರೋ ಅಲ್ಲ.

ಇವರು ವಿಡಿಯೊಕ್ಕೆ ಬರುವುದಿಲ್ಲ. ನಿಮ್ಮವರಿಗೆ ಹೇಳು. ನಮ್ಮ ಬಚ್ಚಲು, ನಮ್ಮ ಬಲೂನು, ಮೇಷ್ಟ್ರ ಕುತ್ತಿಗೆ, ಇದ್ಯಾವುದೂ ನಿಮ್ಮ ಸಮ್ಮೇಳನದ ಪರದೆಯ ಮೇಲೆ ಬರಕೂಡದು. ಹೆಸರು ಹಾಕುವುದಿಲ್ಲ ಎಂದು ಸಮಜಾಯಿಷಿ ಕೊಡಬೇಡ. ಹೆಸರಿಲ್ಲದಿದ್ದರೂ ಆ ಕೈ ಯಾರದೆಂದು ನನಗೆ ಗೊತ್ತಾಗುತ್ತದೆ.

ನಾನಾಗಿ ಕರೆಯುವವರೆಗೆ ಈ ಮನೆಗೆ ಬರಬೇಡ.

ಇನ್ನೂ ನಿನ್ನವಳೇ ಆದ,
ಅಕ್ಕ

ಕೊನೆಯ ಮಾತು: ಇದನ್ನು ಬರೆಯಬಾರದೆಂದಿದ್ದೆ. ನಿನ್ನೆ ಸಂಜೆ ಇವರು ಮತ್ತೆ ಅದೇ ಪ್ರಶ್ನೆ ಕೇಳಿದರು. ನನಗೆ ತಡೆಯಲಾಗಲಿಲ್ಲ. “ತಂಗಿ ಫೋನ್ ಮಾಡಿದ್ಲು, ನಿಮ್ಮ ಫೈಲು ಇನ್ನೊಬ್ಬರದರ ಜೊತೆ ಅದಲುಬದಲಾಗಿತ್ತಂತೆ, ನಿಮಗೆ ಜೀವಕೋಶ ಹಾಕಿದ್ದು ನಿಜವಂತೆ” ಎಂದುಬಿಟ್ಟೆ. ಹೇಳುವಾಗ ನಿಮ್ಮ ಸರ್ಜನ್ನಿನಷ್ಟೇ ಚೆನ್ನಾಗಿ ಹೇಳಿದೆ. ಇವರು ನನ್ನ ಮುಖವನ್ನೇ ನೋಡುತ್ತ ಕೂತರು. ಆಮೇಲೆ, ಅವಳ ಬಾಯಿಂದಲೇ ಕೇಳುತ್ತೇನೆ ಎಂದರು. ಅಂಗಡಿಗೆ ರಜೆಯಿರುವ ದಿನ ನಿನಗೆ ಫೋನ್ ಮಾಡುತ್ತಾರೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರುತ್ತದೆ. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ, ಅದು ನಿನಗೆ ಬಿಟ್ಟದ್ದು. ಆದರೆ ಏನೇ ಹೇಳಿದರೂ ದನಿ ನಡುಗದಂತೆ ಹೇಳು. ನಡುಕ ಅವರಿಗೆ ಬೇಗ ತಿಳಿದುಬಿಡುತ್ತದೆ.