ಝ್ವಾನೆ ಹಾಕದ ಸಹಿ

ಅಕ್ಟೋಬರ್ ೧೪, ಸೋಮವಾರ

ಪುರಸಭೆಯ ಕಚೇರಿಯಿಂದ ನಾನು ಒಯ್ದ ಕಾಗದಕ್ಕೆ ಝ್ವಾನೆ ಸಹಿ ಹಾಕಲಿಲ್ಲ. ಹತ್ತೊಂಬತ್ತು ವರ್ಷದಿಂದ ನಮ್ಮ ದ್ವೀಪದವರನ್ನು ತನ್ನ ದೋಣಿಯಲ್ಲಿ ಆಚೆ ದಡ ಮುಟ್ಟಿಸುತ್ತಿರುವವನು. ಈ ಸೇವೆಗೆ ತಾನು ಬದ್ಧನೆಂದು ಅವನು ಬರೆದುಕೊಟ್ಟರೆ ಮಾತ್ರ ಪುರಸಭೆ ಡೀಸೆಲ್‌ಗೆ ಸಹಾಯಧನ ಕೊಡಬಹುದು, ನಿಯಮ ಹಾಗಿದೆ. ಅದು ಸಿಗದಿದ್ದರೆ ಈ ಚಳಿಗಾಲ ದೋಣಿ ನಿಲ್ಲುತ್ತದೆ.

"ಬದ್ಧನಂತೆ! ತೋಂಕಾ ಅಜ್ಜೀನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿರೋದು ನಿಮ್ಮ ಅಪ್ಪಣೆ ಮೇಲಾ, ನೆವೆಂಕಾ?" ಎಂದ ಝ್ವಾನೆ.

"ಬರೀ ಕಾಗದ ಕಣೋ," ಎಂದೆ.

"ಹಂಗಿದ್ರೆ ಅದನ್ನೇ ಮಡಚಿ ದೋಣಿ ಮಾಡ್ಕೋ ತಾಯಿ. ಅಜ್ಜೀನ ಅದ್ರಲ್ಲೇ ಕೂರಿಸ್ಕೊಂಡು ಹೋಗು."

ನಗಬೇಕಿತ್ತು, ಆಗಲಿಲ್ಲ. ಈಗ ಮಲಗುವ ಮುಂಚೆ ಕಾದಂಬರಿಯ ಒಂದೇ ಪುಟವನ್ನು ಮೂರು ಸಲ ಓದಿದೆ. ನಾಳೆ ಮಂಗಳವಾರ, ಅಜ್ಜಿಯ ದಿನ. ಬಡಗಣ ಬಿರುಗಾಳಿ ಬುರಾ ಎದ್ದರೂ ಬೆಳಿಗ್ಗೆ ಆರು ಗಂಟೆಗೆ ದೋಣಿಯ ಸದ್ದು ಕೇಳಿಸುತ್ತದೆ, ಗೊತ್ತು. ಡೀಸೆಲ್ ಇನ್ನೆಷ್ಟು ದಿನಕ್ಕಿದೆ ಎಂದು ನಾನು ಕೇಳಲೇ ಇಲ್ಲ.