ಮಗ್ಗದ ಬಾಜು ಕೂತವಳು

ಪುಣೆ, ಆಗಸ್ಟ್ 1988

ಅಮ್ಮಾ, ಸಲಾಮ್.

ನನ್ನ ಕೆಲಸ ಉಳಿಯಿತು, ನಿನ್ನಿಂದ.

ಧ್ವನಿ ತಿಳಿಗೊಳಿಸುವ ಚಿಪ್ ಇನ್ನೂ ಬಂದಿಲ್ಲ. ಅದರಂತೆ ನಟಿಸುವ ಸಿಮ್ಯುಲೇಟರ್ ನಮ್ಮ ಕಂಪ್ಯೂಟರಿನಲ್ಲಿದೆ. ಅದರಲ್ಲಿ ನನ್ನ ಪ್ರೋಗ್ರಾಮ್ ತೆವಳುತ್ತಿತ್ತು. ಗಡಿಯಾರ ನೋಡಿ ಸಾಹೇಬರು, ಇದು ನಡೆಯುವುದಿಲ್ಲ ಎಂದರು. ಜಮಖಾನಕ್ಕೆ ಎಷ್ಟು ಹೊತ್ತು ಬೇಕೆಂದು ಕೇಳಿದ ಗಿರಾಕಿಗೆ ನೀನು ಹೇಳುತ್ತಿದ್ದುದು ನೆನಪಾಯಿತು: "ಹೊತ್ತು ಯಾಕ ಕೇಳ್ತೀರಿ? ನಡುವ ರೊಟ್ಟಿನೂ ಬಡೀತೀನಿ. ಸಾಲು ಎಣಸ್ರಿ." ಸಿಮ್ಯುಲೇಟರಿಗೂ ನಡುವೆ ತನ್ನದೇ ಕೆಲಸಗಳಿರುತ್ತವೆ. ಗಡಿಯಾರ ಬಿಟ್ಟು ಚಿಪ್ ಇಡುವ ಹೆಜ್ಜೆಗಳನ್ನಷ್ಟೇ ಎಣಿಸಿದೆ. ನಿಜವಾದ ಚಿಪ್‌ಗೆ ಅವು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಸಾಹೇಬರು ಒಪ್ಪಿದರು.

ಮಗಳಿಗೆ ಕಲಿಸಿದರೆ ಕಸಬು ಹೊರಗೆ ಹೋಗುತ್ತದೆಂದು ದಾದಿಮಾ ಸೊಸೆಯಾದ ನಿನಗಷ್ಟೇ ನೇಯ್ಗೆ ಕಲಿಸಿದರು. ನೀನೂ ನನಗೆ ಕಲಿಸಲಿಲ್ಲ. ಮಗ್ಗದ ಬಾಜು ಕೂತವಳನ್ನು ಎಬ್ಬಿಸಲೂ ಇಲ್ಲ.

ಕಸಬು ಪುಣೆಯವರೆಗೂ ಬಂದುಬಿಟ್ಟಿದೆ. ನವಲಗುಂದದಲ್ಲಿ ದಾದಿಮಾಗೆ ಮಾತ್ರ ಹೇಳಬೇಡ.

ನಿನ್ನ ಮಗಳು,
ರಾಜಮಾಬಿ